ವಿದ್ಯುತ್ಕಾಂತೀಯ ಮತ್ತು ಗುರುತ್ವ ಕ್ಷೇತ್ರಗಳು ಹಾಗೂ ತರಂಗಗಳ ಹೋಲಿಕೆ

ವಿದ್ಯುತ್ಕಾಂತೀಯ ಕ್ಷೇತ್ರ ಮತ್ತು ಗುರುತ್ವ ಕ್ಷೇತ್ರಗಳು ಪ್ರಕೃತಿಯ ನಾಲ್ಕು ಮೂಲಭೂತ ಬಲಗಳ ಪೈಕಿ ಬಹುದೂರದವರೆಗೆ ಪ್ರಭಾವ ಬೀರುವ ಎರಡು ಬಲಗಳಿಗೆ ಸಂಬಂಧಿಸಿದ ಕ್ಷೇತ್ರಗಳಾಗಿವೆ. ಉಳಿದ ಎರಡು, ಅಂದರೆ ಪ್ರಬಲ ಮತ್ತು ದುರ್ಬಲ ಬಲಗಳು, ಪರಮಾಣುವಿನ ನ್ಯೂಕ್ಲಿಯಸ್ಸಿನಷ್ಟು ಕಿರಿದಾದ ಅಂತರದಲ್ಲಿ ಮಾತ್ರ ಕೆಲಸ ಮಾಡುತ್ತವೆ. ವಿದ್ಯುತ್ಕಾಂತೀಯ ಕ್ಷೇತ್ರದಲ್ಲಿ ಉಂಟಾಗುವ ಕ್ಷೋಭೆಯು ವಿದ್ಯುತ್ಕಾಂತೀಯ ತರಂಗವಾಗಿಯೂ, ಗುರುತ್ವ ಕ್ಷೇತ್ರದಲ್ಲಿ ಉಂಟಾಗುವ ಕ್ಷೋಭೆಯು ಗುರುತ್ವ ತರಂಗವಾಗಿಯೂ ಬೆಳಕಿನ ವೇಗದಲ್ಲಿ ಪಸರಿಸುತ್ತದೆ. ಬೆಳಕು, ರೇಡಿಯೊ ಅಲೆಗಳು, ಕ್ಷ-ಕಿರಣಗಳು ಮೊದಲನೆಯ ವರ್ಗಕ್ಕೆ ಸೇರಿವೆ. ಎರಡನೆಯ ವರ್ಗದ ತರಂಗವನ್ನು ಮೊದಲ ಬಾರಿಗೆ ನೇರವಾಗಿ ಪತ್ತೆಹಚ್ಚಿದ್ದು 2015ರಲ್ಲಿ.

ಎರಡು ಬಲಗಳ ಮೂಲ ಸೂತ್ರಗಳು ಮೇಲ್ನೋಟಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುತ್ತವೆ. ಆದರೆ ಇವುಗಳ ವರ್ತನೆಯಲ್ಲಿ ಆಳವಾದ ಭೇದಗಳಿವೆ. ಈ ಭೇದಗಳಲ್ಲಿ ಹೆಚ್ಚಿನವು ಎರಡು ಸಂಗತಿಗಳಿಂದ ಹುಟ್ಟುತ್ತವೆ. ಮೊದಲನೆಯದು, ವಿದ್ಯುದಾವೇಶದಲ್ಲಿ ಧನ ಮತ್ತು ಋಣ ಎಂಬ ಎರಡು ಬಗೆಗಳಿದ್ದರೆ ದ್ರವ್ಯರಾಶಿಯಲ್ಲಿ ಒಂದೇ ಬಗೆ ಇದೆ. ಎರಡನೆಯದು, ಗುರುತ್ವಕ್ಕೆ ಕಾರಣವಾದ ದ್ರವ್ಯರಾಶಿಯೇ ವಸ್ತುವಿನ ಜಡತ್ವದ ಅಳತೆಯೂ ಆಗಿದೆ. ವಿದ್ಯುದಾವೇಶಕ್ಕೆ ಜಡತ್ವದೊಡನೆ ಅಂತಹ ನಂಟಿಲ್ಲ.

ಕ್ಷೇತ್ರ ಎಂಬ ಪರಿಕಲ್ಪನೆ

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗುರುತ್ವ ನಿಯಮದ ಪ್ರಕಾರ ಯಾವುದೇ ಎರಡು ವಸ್ತುಗಳು ಪರಸ್ಪರ ಆಕರ್ಷಿಸುತ್ತವೆ. ಆ ಬಲವು ಅವುಗಳ ದ್ರವ್ಯರಾಶಿಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿಯೂ, ನಡುವಣ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಸೂರ್ಯ ಮತ್ತು ಭೂಮಿಯ ನಡುವಿನ ಬರಿದಾದ ಅವಕಾಶವನ್ನು ಈ ಬಲ ಹೇಗೆ ದಾಟುತ್ತದೆ ಎಂಬ ಪ್ರಶ್ನೆಗೆ ಈ ನಿಯಮದಲ್ಲಿ ಉತ್ತರವಿರಲಿಲ್ಲ. ಸ್ವತಃ ನ್ಯೂಟನ್‌ಗೂ ಈ ಕೊರತೆಯ ಅರಿವಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಕೆಲ್ ಫ್ಯಾರಡೆ ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಿದನು. ಕಾಂತದ ಸುತ್ತ ಉದುರಿಸಿದ ಕಬ್ಬಿಣದ ಪುಡಿ ಗೆರೆಗೆರೆಯಾಗಿ ಜೋಡಣೆಗೊಳ್ಳುವುದನ್ನು ಗಮನಿಸಿದ ಅವನು, ಬಲವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ನಡುವಣ ಅವಕಾಶವೇ ಒಂದು ಸ್ಥಿತಿಯನ್ನು ತಾಳುತ್ತದೆ ಎಂದು ಭಾವಿಸಿದನು. ಈ ಸ್ಥಿತಿಗೆ ಕ್ಷೇತ್ರ ಎಂದು ಹೆಸರು. ಒಂದು ಆವೇಶವು ತನ್ನ ಸುತ್ತಲೂ ಕ್ಷೇತ್ರವನ್ನು ನಿರ್ಮಿಸುತ್ತದೆ. ಇನ್ನೊಂದು ಆವೇಶವು ತಾನಿರುವ ಜಾಗದಲ್ಲಿನ ಕ್ಷೇತ್ರಕ್ಕೆ ಮಾತ್ರ ಸ್ಪಂದಿಸುತ್ತದೆ. ಮೊದಲನೆಯ ಆವೇಶವನ್ನು ಅಲುಗಿಸಿದರೆ ಆ ಸುದ್ದಿ ಎರಡನೆಯದಕ್ಕೆ ತಲುಪಲು ಕಾಲ ಬೇಕಾಗುತ್ತದೆ. ಸುದ್ದಿಯು ಹೀಗೆ ಕ್ಷೇತ್ರದಲ್ಲಿ ಸಾಗುವ ಬಗೆಯೇ ತರಂಗ.

ಐತಿಹಾಸಿಕ ಹಿನ್ನೆಲೆ

ಚಾರ್ಲ್ಸ್ ಕೂಲಮ್ 1785ರಲ್ಲಿ ವಿದ್ಯುದಾವೇಶಗಳ ನಡುವಿನ ಬಲವೂ ದೂರದ ವರ್ಗಕ್ಕೆ ವಿಲೋಮವಾಗಿರುವುದನ್ನು ತೋರಿಸಿದನು. ನ್ಯೂಟನ್‌ನ ಸೂತ್ರದೊಂದಿಗೆ ಇದರ ಹೋಲಿಕೆ ಎದ್ದು ಕಾಣುವಂತಿತ್ತು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿದ್ಯುತ್ತು ಮತ್ತು ಕಾಂತತ್ವಗಳನ್ನು ಒಂದೇ ಕ್ಷೇತ್ರದ ಎರಡು ಮುಖಗಳನ್ನಾಗಿ ನಿರೂಪಿಸಿ, ಆ ಕ್ಷೇತ್ರದಲ್ಲಿ ಹರಿಯುವ ತರಂಗಗಳ ವೇಗವು ಬೆಳಕಿನ ವೇಗಕ್ಕೆ ಸಮವಾಗಿ ಬರುವುದನ್ನು ಕಂಡುಕೊಂಡನು. ಬೆಳಕು ವಿದ್ಯುತ್ಕಾಂತೀಯ ತರಂಗ ಎಂಬ ನಿರ್ಣಯಕ್ಕೆ ಇದು ಆಧಾರವಾಯಿತು.

ಅದೇ ಪ್ರಬಂಧದಲ್ಲಿ ಮ್ಯಾಕ್ಸ್‌ವೆಲ್ ಗುರುತ್ವವನ್ನೂ ಇದೇ ರೀತಿ ವಿವರಿಸಬಹುದೇ ಎಂದು ಪರಿಶೀಲಿಸಿ ಕೈಬಿಟ್ಟನು. ಸಮಾನ ಆವೇಶಗಳು ವಿಕರ್ಷಿಸುವುದರಿಂದ ಅವುಗಳನ್ನು ಹತ್ತಿರ ತರಲು ಶಕ್ತಿಯನ್ನು ವ್ಯಯಿಸಬೇಕು. ಆ ಶಕ್ತಿ ಕ್ಷೇತ್ರದಲ್ಲಿ ಸಂಗ್ರಹವಾಗುತ್ತದೆ. ಆದರೆ ದ್ರವ್ಯರಾಶಿಗಳು ಆಕರ್ಷಿಸುವುದರಿಂದ ಅವು ಹತ್ತಿರವಾದಾಗ ಶಕ್ತಿ ಬಿಡುಗಡೆಯಾಗುತ್ತದೆ. ಅದೇ ಲೆಕ್ಕದಂತೆ ಗುರುತ್ವ ಕ್ಷೇತ್ರದ ಶಕ್ತಿಯು ಋಣಾತ್ಮಕವೆಂದಾಗುತ್ತದೆ. ಇಂತಹ ಗುಣವುಳ್ಳ ಮಾಧ್ಯಮವನ್ನು ಊಹಿಸಿಕೊಳ್ಳುವುದು ಅವನಿಗೆ ಸಾಧ್ಯವಾಗಲಿಲ್ಲ. ಎರಡು ಕ್ಷೇತ್ರಗಳ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದರ ಆರಂಭದ ಸೂಚನೆ ಇದಾಗಿತ್ತು.

ಆಲಿವರ್ ಹೆವಿಸೈಡ್ 1893ರಲ್ಲಿ ಗುರುತ್ವಕ್ಕೂ ಮ್ಯಾಕ್ಸ್‌ವೆಲ್‌ನ ಮಾದರಿಯ ಸಮೀಕರಣಗಳನ್ನು ಬರೆದು ನೋಡಿದನು. ಆನ್ರಿ ಪ್ವಾಂಕರೆ 1905ರಲ್ಲಿ ಗುರುತ್ವವೂ ಬೆಳಕಿನ ವೇಗದಲ್ಲಿ ಅಲೆಯಾಗಿ ಸಾಗಬೇಕೆಂದು ಸೂಚಿಸಿದನು. ಆಲ್ಬರ್ಟ್ ಐನ್‌ಸ್ಟೈನ್ 1915ರಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿ, 1916ರಲ್ಲಿ ಗುರುತ್ವ ತರಂಗಗಳನ್ನು ಕುರಿತು ಬರೆದನು. ಆ ಪ್ರಬಂಧದಲ್ಲಿದ್ದ ದೋಷಗಳನ್ನು 1918ರಲ್ಲಿ ತಿದ್ದಿದನು. 1936ರಲ್ಲಿ ನೇಥನ್ ರೋಸೆನ್‌ನೊಂದಿಗೆ ಕೆಲಸ ಮಾಡುತ್ತಿದ್ದಾಗ ಇಂತಹ ತರಂಗಗಳು ಇಲ್ಲವೆಂಬ ತೀರ್ಮಾನಕ್ಕೆ ಬಂದು, ಲೆಕ್ಕದ ತಪ್ಪು ತಿಳಿದ ಬಳಿಕ ಅದನ್ನು ಹಿಂತೆಗೆದುಕೊಂಡನು. ಗುರುತ್ವ ತರಂಗಗಳು ನಿಜವಾಗಿ ಶಕ್ತಿಯನ್ನು ಹೊತ್ತೊಯ್ಯುತ್ತವೆಯೇ ಎಂಬ ವಿವಾದವು 1957ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ನಡೆದ ಸಮ್ಮೇಳನದವರೆಗೂ ಮುಂದುವರಿಯಿತು. ಅಲ್ಲಿ ರಿಚರ್ಡ್ ಫೈನ್‌ಮನ್ ಒಂದು ಸರಳ ವಾದವನ್ನು ಮುಂದಿಟ್ಟನು: ಕಡ್ಡಿಯೊಂದಕ್ಕೆ ಪೋಣಿಸಿದ ಮಣಿಗಳು ತರಂಗ ಹಾದುಹೋಗುವಾಗ ಹಿಂದೆ ಮುಂದೆ ಜಾರಿದರೆ ಘರ್ಷಣೆಯಿಂದ ಕಡ್ಡಿ ಬಿಸಿಯಾಗುತ್ತದೆ, ಆ ಶಾಖವು ತರಂಗದಿಂದಲೇ ಬಂದಿರಬೇಕು.

ಕ್ಷೇತ್ರಗಳ ನಡುವಿನ ಸಾಮ್ಯಗಳು

ನಿಶ್ಚಲವಾದ ಬಿಂದು ಆವೇಶದ ವಿದ್ಯುತ್ ಕ್ಷೇತ್ರ ಮತ್ತು ದುರ್ಬಲವಾದ ಗುರುತ್ವ ಕ್ಷೇತ್ರಗಳೆರಡೂ ವಿಲೋಮ ವರ್ಗ ನಿಯಮವನ್ನು ಪಾಲಿಸುತ್ತವೆ. ದೂರ ಎರಡರಷ್ಟಾದರೆ ಕ್ಷೇತ್ರದ ತೀವ್ರತೆ ನಾಲ್ಕನೇ ಒಂದಂಶಕ್ಕೆ ಇಳಿಯುತ್ತದೆ. ಎರಡೂ ಕ್ಷೇತ್ರಗಳಿಗೆ ವಿಭವ ಎಂಬ ಪರಿಮಾಣವನ್ನು ನಿರೂಪಿಸಬಹುದು. ಗೋಳಾಕಾರದ ವಸ್ತುವಿನ ಹೊರಗಿನ ಕ್ಷೇತ್ರವು ಅದರ ಇಡೀ ಆವೇಶ ಅಥವಾ ದ್ರವ್ಯರಾಶಿ ಕೇಂದ್ರದಲ್ಲಿಯೇ ಸೇರಿದ್ದರೆ ಹೇಗಿರುತ್ತದೆಯೋ ಹಾಗೆಯೇ ಇರುತ್ತದೆ.

ಚಲಿಸುವ ಆವೇಶವು ಕಾಂತಕ್ಷೇತ್ರವನ್ನು ಉಂಟುಮಾಡುವಂತೆ, ಚಲಿಸುವ ದ್ರವ್ಯರಾಶಿಯೂ ಅದಕ್ಕೆ ಸಮಾನವಾದ ಪರಿಣಾಮವೊಂದನ್ನು ಉಂಟುಮಾಡುತ್ತದೆ. ಇದನ್ನು ಗುರುತ್ವಕಾಂತೀಯ ಪರಿಣಾಮ ಎನ್ನುತ್ತಾರೆ. ತನ್ನ ಅಕ್ಷದ ಮೇಲೆ ತಿರುಗುವ ಭೂಮಿಯು ಸುತ್ತಲಿನ ದೇಶಕಾಲವನ್ನು ಅತ್ಯಲ್ಪ ಪ್ರಮಾಣದಲ್ಲಿ ತನ್ನೊಂದಿಗೆ ಎಳೆದೊಯ್ಯುತ್ತದೆ. ಯೋಸೆಫ್ ಲೆನ್ಸ್ ಮತ್ತು ಹನ್ಸ್ ತಿರಿಂಗ್ 1918ರಲ್ಲಿ ಇದನ್ನು ಲೆಕ್ಕಹಾಕಿದ್ದರು. 2004ರಲ್ಲಿ ಹಾರಿಸಲಾದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದ ಗೈರೋಸ್ಕೋಪುಗಳ ಅಕ್ಷವು ಈ ಕಾರಣದಿಂದ ಅತಿ ಮೆಲ್ಲನೆ ಹೊರಳುವುದನ್ನು 2011ರಲ್ಲಿ ಪ್ರಕಟವಾದ ಫಲಿತಾಂಶಗಳು ದೃಢಪಡಿಸಿದವು.

ಕ್ಷೇತ್ರಗಳ ನಡುವಿನ ವ್ಯತ್ಯಾಸಗಳು

ಬಲದ ಪ್ರಮಾಣ: ಹೈಡ್ರೋಜನ್ ಪರಮಾಣುವಿನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ನಡುವಿನ ವಿದ್ಯುತ್ ಆಕರ್ಷಣೆಯು ಅವುಗಳ ನಡುವಿನ ಗುರುತ್ವಾಕರ್ಷಣೆಯ ಸುಮಾರು 2 × 10³⁹ ಪಟ್ಟು, ಅಂದರೆ 2ರ ಮುಂದೆ ಮೂವತ್ತೊಂಬತ್ತು ಸೊನ್ನೆಗಳನ್ನು ಬರೆದಷ್ಟು ಅಧಿಕವಾಗಿದೆ. ಒಣಗಿದ ಕೂದಲಿಗೆ ಉಜ್ಜಿದ ಬಾಚಣಿಗೆಯು ಕಾಗದದ ಚೂರನ್ನು ಮೇಲೆತ್ತುವಾಗ, ಇಡೀ ಭೂಮಿಯ ಗುರುತ್ವವನ್ನು ಬಾಚಣಿಗೆಯ ಅಲ್ಪ ಆವೇಶವು ಸೋಲಿಸುತ್ತಿರುತ್ತದೆ.

ಆವೇಶದ ಬಗೆಗಳು: ಇಷ್ಟು ದುರ್ಬಲವಾದ ಗುರುತ್ವವೇ ಗ್ರಹಗಳು, ನಕ್ಷತ್ರಗಳು ಮತ್ತು ಗೆಲಾಕ್ಸಿಗಳ ಚಲನೆಯನ್ನು ಆಳುತ್ತದೆ. ಧನ ಮತ್ತು ಋಣ ಆವೇಶಗಳು ಪರಸ್ಪರ ಸೆಳೆದುಕೊಂಡು ಒಂದನ್ನೊಂದು ರದ್ದುಗೊಳಿಸುವುದರಿಂದ ದೊಡ್ಡ ಕಾಯಗಳು ಬಹುತೇಕ ತಟಸ್ಥವಾಗಿರುತ್ತವೆ. ದ್ರವ್ಯರಾಶಿಗೆ ಋಣ ಬಗೆಯಿಲ್ಲವಾದ್ದರಿಂದ ಅದು ಕೂಡುತ್ತಲೇ ಹೋಗುತ್ತದೆ. ಪರಮಾಣುವಿನ ಮಟ್ಟದಲ್ಲಿ ಲೆಕ್ಕಕ್ಕೇ ಸಿಗದ ಬಲವು ಗ್ರಹದ ಮಟ್ಟದಲ್ಲಿ ಪ್ರಧಾನವಾಗುತ್ತದೆ.

ತಡೆಯ ಸಾಧ್ಯತೆ: ಲೋಹದ ಗೂಡಿನೊಳಗೆ ಹೊರಗಿನ ವಿದ್ಯುತ್ ಕ್ಷೇತ್ರವು ಪ್ರವೇಶಿಸದು. ಲೋಹದಲ್ಲಿರುವ ಆವೇಶಗಳು ಮರುಜೋಡಣೆಗೊಂಡು ಒಳಗಿನ ಕ್ಷೇತ್ರವನ್ನು ರದ್ದುಗೊಳಿಸುತ್ತವೆ. ಮುಚ್ಚಿದ ಲಿಫ್ಟಿನೊಳಗೆ ಮೊಬೈಲ್ ಫೋನಿನ ಸಂಪರ್ಕ ಕ್ಷೀಣಿಸಲು ಲೋಹದ ಗೋಡೆಗಳು ಕಾರಣ. ಗುರುತ್ವವನ್ನು ರದ್ದುಗೊಳಿಸಬಲ್ಲ ಋಣ ದ್ರವ್ಯರಾಶಿ ಕಂಡುಬಂದಿಲ್ಲವಾದ್ದರಿಂದ ಗುರುತ್ವಕ್ಕೆ ಇಂತಹ ತಡೆಗೋಡೆಯನ್ನು ಕಟ್ಟಲಾಗದು.

ಜಡತ್ವದೊಡನೆ ಸಂಬಂಧ: ಒಂದೇ ವಿದ್ಯುತ್ ಕ್ಷೇತ್ರದಲ್ಲಿರಿಸಿದ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳು ವಿರುದ್ಧ ದಿಕ್ಕುಗಳಲ್ಲಿ, ಬೇರೆ ಬೇರೆ ವೇಗೋತ್ಕರ್ಷದಿಂದ ಚಲಿಸುತ್ತವೆ. ಗುರುತ್ವ ಕ್ಷೇತ್ರದಲ್ಲಿ ಎಲ್ಲ ವಸ್ತುಗಳೂ ಒಂದೇ ವೇಗೋತ್ಕರ್ಷದಿಂದ ಬೀಳುತ್ತವೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಕೈಬಿಟ್ಟು, ಎರಡೂ ಒಂದೇ ಕಾಲಕ್ಕೆ ನೆಲ ಮುಟ್ಟುವುದನ್ನು ತೋರಿಸಿದನು. ಈ ಸಮಾನತೆಯ ಮೇಲೆಯೇ ಐನ್‌ಸ್ಟೈನ್ ತನ್ನ ಸಿದ್ಧಾಂತವನ್ನು ಕಟ್ಟಿದನು. ಆ ಸಿದ್ಧಾಂತದಲ್ಲಿ ಗುರುತ್ವವು ದೇಶಕಾಲದೊಳಗೆ ಹರಡಿಕೊಂಡ ಬಲವಲ್ಲ; ದೇಶಕಾಲದ ವಕ್ರತೆಯೇ ಗುರುತ್ವ. ವಿದ್ಯುತ್ಕಾಂತೀಯ ಕ್ಷೇತ್ರವಾದರೋ ದೇಶಕಾಲವೆಂಬ ರಂಗದ ಮೇಲೆ ಆಡುವ ಪಾತ್ರಧಾರಿ.

ಸ್ವಯಂಪ್ರಭಾವ: ಬೆಳಕಿಗೆ ವಿದ್ಯುದಾವೇಶವಿಲ್ಲ. ಆದ್ದರಿಂದ ನಿರ್ವಾತದಲ್ಲಿ ಎರಡು ಬೆಳಕಿನ ಕಿರಣಗಳು ಒಂದರ ಮೂಲಕ ಇನ್ನೊಂದು ಬಾಧೆಯಿಲ್ಲದೆ ಹಾದುಹೋಗುತ್ತವೆ. ಮ್ಯಾಕ್ಸ್‌ವೆಲ್‌ನ ಸಮೀಕರಣಗಳು ರೇಖೀಯವಾಗಿವೆ. ಗುರುತ್ವಕ್ಕೆ ಮೂಲವಾದುದು ಶಕ್ತಿ. ಗುರುತ್ವ ಕ್ಷೇತ್ರದ ಶಕ್ತಿಯೂ ಇದಕ್ಕೆ ಹೊರತಲ್ಲ. ಗುರುತ್ವವು ಮತ್ತಷ್ಟು ಗುರುತ್ವಕ್ಕೆ ಕಾರಣವಾಗುವ ಈ ಗುಣದಿಂದಾಗಿ ಐನ್‌ಸ್ಟೈನ್‌ನ ಸಮೀಕರಣಗಳು ಅರೇಖೀಯವಾಗಿದ್ದು, ಅವುಗಳನ್ನು ಬಿಡಿಸುವುದು ಬಹಳ ಕಠಿಣ. ಎರಡು ಕಪ್ಪುಕುಳಿಗಳು ಒಂದಾಗುವ ಪ್ರಕ್ರಿಯೆಯನ್ನು ಕಂಪ್ಯೂಟರಿನಲ್ಲಿ ಪೂರ್ಣವಾಗಿ ಲೆಕ್ಕಹಾಕಲು ಸಾಧ್ಯವಾದದ್ದು 2005ರಲ್ಲಿ.

ತರಂಗಗಳ ಸಾಮಾನ್ಯ ಗುಣಗಳು

ಎರಡೂ ಬಗೆಯ ತರಂಗಗಳು ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಸಾಗುತ್ತವೆ. ಎರಡೂ ಅಡ್ಡ ತರಂಗಗಳು. ಅಂದರೆ ಅವುಗಳ ಪರಿಣಾಮವು ಸಾಗುವ ದಿಕ್ಕಿಗೆ ಲಂಬವಾಗಿರುತ್ತದೆ. ಎರಡೂ ಶಕ್ತಿ ಮತ್ತು ಸಂವೇಗಗಳನ್ನು ಹೊತ್ತೊಯ್ಯುತ್ತವೆ. ವಿಶ್ವದ ವಿಸ್ತರಣೆಯಿಂದ ಎರಡರ ತರಂಗದೂರವೂ ಹಿಗ್ಗುತ್ತದೆ. ಭಾರಿ ದ್ರವ್ಯರಾಶಿಯ ಸಮೀಪದಲ್ಲಿ ಹಾದುಹೋಗುವಾಗ ಎರಡರ ಪಥವೂ ಬಾಗುತ್ತದೆ. ನಕ್ಷತ್ರದ ಬೆಳಕು ಸೂರ್ಯನ ಬಳಿ ಬಾಗುವುದನ್ನು 1919ರ ಮೇ 29ರ ಸೂರ್ಯಗ್ರಹಣದ ಸಮಯದಲ್ಲಿ ಅಳೆಯಲಾಯಿತು.

ಎರಡಕ್ಕೂ ಎರಡೆರಡು ಧ್ರುವೀಕರಣಗಳಿವೆ. ಬೆಳಕಿನಲ್ಲಿ ಇವು ಪರಸ್ಪರ 90 ಡಿಗ್ರಿ ಕೋನದಲ್ಲಿರುತ್ತವೆ. ಗುರುತ್ವ ತರಂಗದಲ್ಲಿ ಇವು 45 ಡಿಗ್ರಿ ಕೋನದಲ್ಲಿರುತ್ತವೆ. ಅವುಗಳ ಆಕಾರವನ್ನು ಅನುಸರಿಸಿ ಒಂದನ್ನು ಕೂಡುಚಿಹ್ನೆಯ, ಇನ್ನೊಂದನ್ನು ಗುಣಾಕಾರಚಿಹ್ನೆಯ ಧ್ರುವೀಕರಣ ಎಂದು ಕರೆಯುವುದುಂಟು. ಕ್ವಾಂಟಂ ಸಿದ್ಧಾಂತದ ಭಾಷೆಯಲ್ಲಿ ಬೆಳಕಿನ ಕಣವಾದ ಫೋಟಾನಿನ ಗಿರಕಿ 1 ಆಗಿದ್ದು, ಗುರುತ್ವದ ಕಣವೆಂದು ಊಹಿಸಲಾದ ಗ್ರಾವಿಟಾನಿನ ಗಿರಕಿ 2 ಆಗಿರಬೇಕು. ಗ್ರಾವಿಟಾನ್ ಈವರೆಗೆ ಪ್ರಯೋಗದಲ್ಲಿ ಕಂಡುಬಂದಿಲ್ಲ.

ತರಂಗಗಳ ಉತ್ಪತ್ತಿ

ರೇಡಿಯೊ ಕೇಂದ್ರದ ಆಂಟೆನಾದಲ್ಲಿ ಎಲೆಕ್ಟ್ರಾನುಗಳು ಮೇಲೆ ಕೆಳಗೆ ಆಂದೋಲನಗೊಂಡು ತರಂಗವನ್ನು ಹೊರಸೂಸುತ್ತವೆ. ಒಂದು ತುದಿ ಧನವಾದಾಗ ಇನ್ನೊಂದು ಋಣವಾಗುವ ಈ ಏರ್ಪಾಟಿಗೆ ದ್ವಿಧ್ರುವ ಎಂದು ಹೆಸರು. ಗುರುತ್ವದಲ್ಲಿ ಇದಕ್ಕೆ ಅವಕಾಶವಿಲ್ಲ. ನಿಂತ ನೀರಿನ ದೋಣಿಯಲ್ಲಿ ಒಬ್ಬನು ಮುಂದಕ್ಕೆ ನಡೆದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ಇಬ್ಬರನ್ನೂ ಸೇರಿಸಿದ ದ್ರವ್ಯರಾಶಿಯ ಕೇಂದ್ರವು ಇದ್ದಲ್ಲಿಯೇ ಇರುತ್ತದೆ. ಸಂವೇಗದ ಸಂರಕ್ಷಣೆಯ ನಿಯಮದಿಂದಾಗಿ ಯಾವ ವ್ಯವಸ್ಥೆಯೂ ತನ್ನ ದ್ರವ್ಯರಾಶಿಯ ಕೇಂದ್ರವನ್ನು ತಾನೇ ಅಲುಗಿಸಿಕೊಳ್ಳಲಾರದು. ಗುರುತ್ವಕ್ಕೂ ಜಡತ್ವಕ್ಕೂ ಒಂದೇ ದ್ರವ್ಯರಾಶಿ ಮೂಲವಾಗಿರುವುದರಿಂದ, ಒಂದು ಭಾಗ ಸೂಸುವ ದ್ವಿಧ್ರುವ ತರಂಗವನ್ನು ಇನ್ನೊಂದು ಭಾಗದ ಪ್ರತಿಚಲನೆಯು ಸಂಪೂರ್ಣವಾಗಿ ಅಳಿಸಿಹಾಕುತ್ತದೆ.

ಹೀಗೆ ಅಳಿದು ಉಳಿಯುವುದು ಚತುರ್ಧ್ರುವ ವಿಕಿರಣ. ವ್ಯವಸ್ಥೆಯ ಆಕಾರವೇ ಬದಲಾಗುತ್ತಿದ್ದರೆ ಮಾತ್ರ ಇದು ಹುಟ್ಟುತ್ತದೆ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು ಇದಕ್ಕೆ ಉತ್ತಮ ಉದಾಹರಣೆ. ಪರಿಪೂರ್ಣ ಗೋಳವೊಂದು ತನ್ನ ಅಕ್ಷದ ಮೇಲೆ ತಿರುಗಿದರೂ, ಎಲ್ಲ ಕಡೆಗೂ ಸಮನಾಗಿ ಉಬ್ಬಿ ಕುಗ್ಗಿದರೂ ಗುರುತ್ವ ತರಂಗ ಹೊರಡುವುದಿಲ್ಲ.

ಚತುರ್ಧ್ರುವ ವಿಕಿರಣವು ಸ್ವಭಾವತಃ ಕ್ಷೀಣವಾದುದು. ಸೂರ್ಯನನ್ನು ಸುತ್ತುವ ಭೂಮಿಯ ಚಲನೆಯಿಂದ ಗುರುತ್ವ ತರಂಗಗಳ ರೂಪದಲ್ಲಿ ಹೊರಹೋಗುವ ಸಾಮರ್ಥ್ಯ ಸುಮಾರು 200 ವ್ಯಾಟ್ ಮಾತ್ರ. ಇದು ಹಳೆಯ ಮಾದರಿಯ ಎರಡು ವಿದ್ಯುತ್ ಬಲ್ಬುಗಳಿಗೆ ಸಾಕಾಗುವಷ್ಟು. ಸೂರ್ಯನು ಬೆಳಕಾಗಿ ಸೂಸುವ ಸಾಮರ್ಥ್ಯವು ಸುಮಾರು 3.8 × 10²⁶ ವ್ಯಾಟ್. ಹೈನ್ರಿಖ್ ಹರ್ಟ್ಜ್ 1887–88ರ ಪ್ರಯೋಗಗಳಲ್ಲಿ ವಿದ್ಯುತ್ಕಾಂತೀಯ ತರಂಗವನ್ನು ಒಂದೇ ಕಟ್ಟಡದೊಳಗೆ ಹುಟ್ಟಿಸಿ ಅಲ್ಲಿಯೇ ಹಿಡಿದನು. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಅತಿ ಕಿರಿದಾದ ರೇಡಿಯೊ ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ಗುರುತ್ವ ತರಂಗಕ್ಕೆ ಇಂತಹ ಪ್ರಯೋಗ ಸಾಧ್ಯವಿಲ್ಲ. ಅಳೆಯಲು ಸಿಗುವಷ್ಟು ಪ್ರಬಲ ತರಂಗಕ್ಕೆ ನಕ್ಷತ್ರಗಳಷ್ಟು ಭಾರವಿರುವ ಕಾಯಗಳು ಬೆಳಕಿನ ವೇಗದ ಗಣನೀಯ ಭಾಗದಷ್ಟು ವೇಗದಲ್ಲಿ ಸುತ್ತಬೇಕು.

ವಸ್ತುಗಳ ಮೇಲಿನ ಪರಿಣಾಮ

ವಿದ್ಯುತ್ಕಾಂತೀಯ ತರಂಗವು ಒಂದೇ ಒಂದು ಎಲೆಕ್ಟ್ರಾನನ್ನು ಅಲುಗಿಸಿದರೂ ಅದನ್ನು ಗುರುತಿಸಬಹುದು. ಗುರುತ್ವ ತರಂಗದ ವಿಷಯದಲ್ಲಿ ಒಂದು ವಸ್ತು ಸಾಲದು. ಎಲ್ಲವೂ ಒಂದೇ ರೀತಿ ಬೀಳುವುದರಿಂದ, ಬೀಳುತ್ತಿರುವವನಿಗೆ ತನ್ನ ಪಕ್ಕದ ಗುರುತ್ವ ಗೋಚರಿಸದು. ಅಂತರಿಕ್ಷ ನಿಲ್ದಾಣವಿರುವ ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯ ಗುರುತ್ವವು ನೆಲದ ಮೇಲಿರುವುದರ ಸುಮಾರು ಶೇಕಡ 90ರಷ್ಟಿದ್ದರೂ ಅಲ್ಲಿರುವವರು ತೇಲುವುದು ಇದೇ ಕಾರಣದಿಂದ. ಪರಸ್ಪರ ದೂರದಲ್ಲಿರುವ ಎರಡು ವಸ್ತುಗಳ ಮೇಲೆ ಗುರುತ್ವದ ಪರಿಣಾಮ ಭಿನ್ನವಾಗಿದ್ದಾಗ ಮಾತ್ರ ಅದು ಅರಿವಿಗೆ ಬರುತ್ತದೆ. ಚಂದ್ರನಿಂದ ಕಡಲಿನಲ್ಲಿ ಉಂಟಾಗುವ ಉಬ್ಬರವಿಳಿತ ಇದಕ್ಕೆ ಪರಿಚಿತ ನಿದರ್ಶನ. ಗುರುತ್ವ ತರಂಗವು ಚಲಿಸುವ ಉಬ್ಬರವಿಳಿತದಂತೆ. ಅದು ಹಾದುಹೋಗುವಾಗ ಒಂದು ದಿಕ್ಕಿನ ದೂರವು ಹಿಗ್ಗುತ್ತಿದ್ದರೆ ಅದಕ್ಕೆ ಲಂಬವಾದ ದಿಕ್ಕಿನ ದೂರವು ಕುಗ್ಗುತ್ತದೆ; ಮರುಕ್ಷಣ ಇದು ತಿರುಗುಮುರುಗಾಗುತ್ತದೆ.

ಬೆಳಕನ್ನು ಧೂಳು, ಮೋಡ ಮತ್ತು ಅನಿಲಗಳು ಹೀರುತ್ತವೆ ಇಲ್ಲವೆ ಚೆದುರಿಸುತ್ತವೆ. ಗುರುತ್ವ ತರಂಗವು ವಸ್ತುಗಳೊಡನೆ ಅತ್ಯಲ್ಪವಾಗಿ ವ್ಯವಹರಿಸುವುದರಿಂದ ಇಡೀ ಭೂಮಿಯನ್ನೂ ಬಹುತೇಕ ಕುಂದದೆ ಹಾದುಹೋಗುತ್ತದೆ. ಪತ್ತೆಹಚ್ಚಲು ಕಷ್ಟವಾಗುವಂತೆ ಮಾಡುವ ಗುಣವೇ ಅದನ್ನು ನಂಬಲರ್ಹ ಸಾಕ್ಷಿಯನ್ನಾಗಿಯೂ ಮಾಡಿದೆ. ಅದು ತನ್ನ ಮೂಲದ ವಿವರವನ್ನು ದಾರಿಯಲ್ಲಿ ಕಳೆದುಕೊಳ್ಳದೆ ತರುತ್ತದೆ.

ಪತ್ತೆಹಚ್ಚುವಿಕೆ

ಮೊದಲ ಪರೋಕ್ಷ ಸಾಕ್ಷ್ಯವು 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ ಕಂಡುಹಿಡಿದ ಜೋಡಿ ನ್ಯೂಟ್ರಾನ್ ನಕ್ಷತ್ರಗಳಿಂದ ದೊರೆಯಿತು. ಇವು ಸುಮಾರು 7 ಗಂಟೆ 45 ನಿಮಿಷಗಳಿಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಜೋಡಿಯಲ್ಲಿ ಒಂದು ನಕ್ಷತ್ರವು ಸೂಸುವ ರೇಡಿಯೊ ಮಿಡಿತಗಳನ್ನು ವರ್ಷಗಟ್ಟಲೆ ಅಳೆದಾಗ, ಸುತ್ತುವ ಅವಧಿಯು ವರ್ಷಕ್ಕೆ ಸುಮಾರು 76 ಮೈಕ್ರೊಸೆಕೆಂಡಿನಂತೆ ಕಡಿಮೆಯಾಗುತ್ತಿರುವುದು ತಿಳಿಯಿತು. ಗುರುತ್ವ ತರಂಗಗಳಿಂದ ಆಗಬೇಕಾದ ಶಕ್ತಿನಷ್ಟದೊಂದಿಗೆ ಇದು ಹೊಂದಿಕೆಯಾಯಿತು. ಇಬ್ಬರಿಗೂ 1993ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಗುರುತ್ವ ತರಂಗದ ಇರುವಿಕೆಯನ್ನು ಮೊದಲು ಸೂಚಿಸಿದ್ದು ವಿದ್ಯುತ್ಕಾಂತೀಯ ತರಂಗವೇ ಎಂಬುದು ಗಮನಾರ್ಹ.

ನೇರ ಪತ್ತೆಯು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯದಲ್ಲಿ ಆಯಿತು. ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಸ್ಥಳಗಳಲ್ಲಿ ಇರುವ ಇದರ ಉಪಕರಣಗಳಿಗೆ ಪರಸ್ಪರ ಲಂಬವಾದ, ತಲಾ 4 ಕಿ.ಮೀ. ಉದ್ದದ ಎರಡು ಬಾಹುಗಳಿವೆ. ಒಂದೇ ಲೇಸರ್ ಕಿರಣವನ್ನು ಎರಡಾಗಿ ಸೀಳಿ ಎರಡು ಬಾಹುಗಳಲ್ಲಿ ಕಳುಹಿಸಿ, ಕೊನೆಯಲ್ಲಿರುವ ಕನ್ನಡಿಗಳಿಂದ ಹಿಂದಿರುಗಿದ ಬೆಳಕನ್ನು ಮತ್ತೆ ಕೂಡಿಸಲಾಗುತ್ತದೆ. ಬಾಹುಗಳ ಉದ್ದದಲ್ಲಿ ವ್ಯತ್ಯಾಸವಾದರೆ ಕೂಡಿದ ಬೆಳಕಿನ ಪ್ರಮಾಣ ಬದಲಾಗುತ್ತದೆ. ಅಂದು ದಾಖಲಾದ ಹಿಗ್ಗು ಕುಗ್ಗು ಗರಿಷ್ಠವೆಂದರೆ 10²¹ರಲ್ಲಿ ಒಂದು ಪಾಲು, 4 ಕಿ.ಮೀ. ಉದ್ದಕ್ಕೆ ಇದು ಪ್ರೋಟಾನಿನ ವ್ಯಾಸದ ಸುಮಾರು ನಾನೂರನೇ ಒಂದು ಭಾಗ. ಲಿವಿಂಗ್‌ಸ್ಟನ್‌ನಲ್ಲಿ ಕಂಡ ಸಂಕೇತವು ಸುಮಾರು 7 ಮಿಲಿಸೆಕೆಂಡಿನ ಬಳಿಕ ಹ್ಯಾನ್‌ಫರ್ಡಿನಲ್ಲಿಯೂ ಕಂಡಿತು.

ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಒಂದಾದದ್ದು ಈ ತರಂಗದ ಮೂಲವಾಗಿತ್ತು. ಹುಟ್ಟಿದ ಹೊಸ ಕಪ್ಪುಕುಳಿಯ ದ್ರವ್ಯರಾಶಿ ಸುಮಾರು 62 ಸೂರ್ಯರಷ್ಟಿತ್ತು. ವ್ಯತ್ಯಾಸವಾದ 3 ಸೂರ್ಯರಷ್ಟು ದ್ರವ್ಯರಾಶಿಯು ಗುರುತ್ವ ತರಂಗಗಳ ಶಕ್ತಿಯಾಗಿ ಮಾರ್ಪಟ್ಟಿತ್ತು. ಈ ಸಂಶೋಧನೆಯನ್ನು 2016ರ ಫೆಬ್ರವರಿ 11ರಂದು ಪ್ರಕಟಿಸಲಾಯಿತು. ರೈನರ್ ವೈಸ್, ಬ್ಯಾರಿ ಬ್ಯಾರಿಶ್ ಮತ್ತು ಕಿಪ್ ಥಾರ್ನ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಸಂದಿತು.

ದೂರದರ್ಶಕಗಳು ಸಾಮಾನ್ಯವಾಗಿ ಬೆಳಕಿನ ತೀವ್ರತೆಯನ್ನು ಅಳೆಯುತ್ತವೆ. ಅದು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಗುರುತ್ವ ತರಂಗದ ಉಪಕರಣಗಳು ಅಲೆಯ ಏರಿಳಿತವನ್ನೇ ನೇರವಾಗಿ ಅಳೆಯುತ್ತವೆ. ಅದು ದೂರಕ್ಕೆ ಮಾತ್ರ ವಿಲೋಮವಾಗಿರುತ್ತದೆ. ಆದ್ದರಿಂದ ಉಪಕರಣದ ಸೂಕ್ಷ್ಮತೆಯನ್ನು ಎರಡು ಪಟ್ಟು ಹೆಚ್ಚಿಸಿದರೆ ಎರಡರಷ್ಟು ದೂರದವರೆಗೆ, ಅಂದರೆ ಎಂಟರಷ್ಟು ಗಾತ್ರದ ಆಕಾಶದಲ್ಲಿ, ಘಟನೆಗಳನ್ನು ಹುಡುಕಬಹುದು.

ಎರಡೂ ತರಂಗಗಳು ಒಟ್ಟಿಗೆ ಕಂಡ ಘಟನೆ

2017ರ ಆಗಸ್ಟ್ 17ರಂದು ಲೈಗೊ ಮತ್ತು ಇಟಲಿಯ ವರ್ಗೊ ಉಪಕರಣಗಳು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದ್ದರಿಂದ ಹೊರಟ ಗುರುತ್ವ ತರಂಗವನ್ನು ದಾಖಲಿಸಿದವು. ತರಂಗವು ಕೊನೆಗೊಂಡ ಸುಮಾರು 1.7 ಸೆಕೆಂಡುಗಳ ನಂತರ ಫರ್ಮಿ ಉಪಗ್ರಹವು ಅದೇ ದಿಕ್ಕಿನಿಂದ ಗಾಮಾ ಕಿರಣಗಳ ಸ್ಫೋಟವನ್ನು ಗುರುತಿಸಿತು. ಕೆಲವೇ ಗಂಟೆಗಳಲ್ಲಿ ದೂರದರ್ಶಕಗಳು ಎನ್‌ಜಿಸಿ 4993 ಎಂಬ ಗೆಲಾಕ್ಸಿಯಲ್ಲಿ ಅದರ ಬೆಳಕನ್ನೂ ಕಂಡವು. ಈ ಗೆಲಾಕ್ಸಿಯು ಸುಮಾರು 13 ಕೋಟಿ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿದೆ. 13 ಕೋಟಿ ವರ್ಷಗಳ ಪಯಣದ ಕೊನೆಯಲ್ಲಿ ಎರಡು ಬಗೆಯ ತರಂಗಗಳ ನಡುವೆ ಎರಡು ಸೆಕೆಂಡಿನ ಅಂತರವೂ ಇರಲಿಲ್ಲ. ಎರಡರ ವೇಗಗಳೂ ಸುಮಾರು 10¹⁵ರಲ್ಲಿ ಒಂದು ಪಾಲಿನಷ್ಟು ನಿಖರವಾಗಿ ಸಮನಾಗಿವೆ ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು. ಕೂಡುವ ಕಾಯಗಳ ಭಾರ ಮತ್ತು ಚಲನೆಯನ್ನು ಗುರುತ್ವ ತರಂಗವು ತಿಳಿಸಿದರೆ, ಚಿಮ್ಮಿದ ವಸ್ತುವಿನಲ್ಲಿ ಭಾರವಾದ ಧಾತುಗಳು ರೂಪುಗೊಂಡುದನ್ನು ಬೆಳಕು ತಿಳಿಸಿತು. ಒಂದರಿಂದ ಮಾತ್ರ ಈ ಪೂರ್ಣ ಚಿತ್ರ ದೊರೆಯುತ್ತಿರಲಿಲ್ಲ.

ಭಾರತೀಯರ ಕೊಡುಗೆ

ಬೆಂಗಳೂರಿನಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ (1938–2017) ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕ್ಷೋಭೆಗೊಳಗಾದ ಕಪ್ಪುಕುಳಿಯು ಬಾರಿಸಿದ ಗಂಟೆಯ ನಾದದಂತೆ ಬೇಗನೆ ಅಡಗುವ ಗುರುತ್ವ ತರಂಗವನ್ನು ಸೂಸುತ್ತದೆ ಎಂದು ತೋರಿಸಿದರು. 2015ರ ಸಂಕೇತದ ಕೊನೆಯ ಭಾಗವು ಇಂತಹ ಅಡಗುವ ನಾದಕ್ಕೆ ಹೊಂದಿಕೊಂಡಿತು. ವಿಶ್ವೇಶ್ವರ ಅವರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಆಗಿದ್ದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಅವರು ಫ್ರಾನ್ಸಿನ ವಿಜ್ಞಾನಿಗಳೊಂದಿಗೆ ಸೇರಿ, ಸುತ್ತುತ್ತಾ ಹತ್ತಿರವಾಗುವ ಜೋಡಿ ಕಾಯಗಳ ತರಂಗರೂಪವನ್ನು ಲೆಕ್ಕಹಾಕುವ ವಿಧಾನವನ್ನು ಬೆಳೆಸಿದರು. ಪುಣೆಯಲ್ಲಿ ಸಂಜೀವ ಧುರಂಧರ್ ಮತ್ತು ಬಿ. ಎಸ್. ಸತ್ಯಪ್ರಕಾಶ್ ಅವರು ಗದ್ದಲದ ನಡುವಿನಿಂದ ಇಂತಹ ಸಂಕೇತವನ್ನು ಹೆಕ್ಕಿ ತೆಗೆಯುವ ಕ್ರಮದ ಬಗ್ಗೆ 1990ರ ದಶಕದ ಆರಂಭದಲ್ಲಿ ಮಹತ್ವದ ಕೆಲಸ ಮಾಡಿದರು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ವೀಕ್ಷಣಾಲಯವನ್ನು ನಿರ್ಮಿಸಲು ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ ಅನುಮೋದನೆ ನೀಡಿತು.

ಸಾಮಾನ್ಯ ತಪ್ಪುಗ್ರಹಿಕೆಗಳು

ನೀರಿನ ಮೇಲ್ಮೈಯಲ್ಲಿ ಹಾಗೂ ವಾತಾವರಣದಲ್ಲಿ ಭೂಗುರುತ್ವದ ಸೆಳೆತದಿಂದ ಏರ್ಪಡುವ ಅಲೆಗಳಿಗೂ ಗುರುತ್ವ ಅಲೆಗಳು ಎಂಬ ಹೆಸರಿದೆ. ಅವು ದ್ರವ ಮತ್ತು ಅನಿಲಗಳ ಅಲೆಗಳು. ಈ ಲೇಖನದ ಗುರುತ್ವ ತರಂಗಗಳಿಗೂ ಅವಕ್ಕೂ ಸಂಬಂಧವಿಲ್ಲ.

ಗುರುತ್ವ ತರಂಗವು ಶಬ್ದವಲ್ಲ. ಲೈಗೊ ದಾಖಲಿಸುವ ಆವೃತ್ತಿಗಳು ಮನುಷ್ಯನ ಕಿವಿಗೆ ಕೇಳಿಸುವ ಶಬ್ದದ ಆವೃತ್ತಿಗಳಷ್ಟೇ ಇರುವುದರಿಂದ ಆ ದಾಖಲೆಯನ್ನು ಧ್ವನಿವರ್ಧಕದಲ್ಲಿ ನುಡಿಸಬಹುದು, ಅಷ್ಟೆ.

ಗುರುತ್ವ ತರಂಗವು ವಿದ್ಯುತ್ಕಾಂತೀಯ ತರಂಗದ ಒಂದು ಪ್ರಭೇದವೂ ಅಲ್ಲ. ಆವೃತ್ತಿಯನ್ನು ಎಷ್ಟೇ ಬದಲಿಸಿದರೂ ಒಂದು ಇನ್ನೊಂದಾಗದು. ವೇಗ ಒಂದೇ ಆಗಿರುವುದಕ್ಕೆ ಕಾರಣ, ಅದು ಬೆಳಕಿಗೆ ಮಾತ್ರ ಸೇರಿದ ವೇಗವಾಗಿರದೆ ದೇಶಕಾಲದ ಮೂಲಗುಣವಾಗಿರುವುದು.

ಹೋಲಿಕೆಯ ಸಾರಾಂಶ

ಕ್ಷೇತ್ರದ ಮೂಲ: ವಿದ್ಯುತ್ಕಾಂತೀಯದಲ್ಲಿ ಆವೇಶ ಮತ್ತು ವಿದ್ಯುತ್ ಪ್ರವಾಹ; ಗುರುತ್ವದಲ್ಲಿ ದ್ರವ್ಯರಾಶಿ, ಶಕ್ತಿ ಮತ್ತು ಸಂವೇಗ.
ಬಲದ ಸ್ವರೂಪ: ವಿದ್ಯುತ್ಕಾಂತೀಯದಲ್ಲಿ ಆಕರ್ಷಣೆ ಮತ್ತು ವಿಕರ್ಷಣೆ, ವಸ್ತುಗಳ ನಡುವಿನ ಗುರುತ್ವದಲ್ಲಿ ಆಕರ್ಷಣೆ ಮಾತ್ರ.
ಸಮೀಕರಣಗಳು: ವಿದ್ಯುತ್ಕಾಂತೀಯದಲ್ಲಿ ರೇಖೀಯ, ಗುರುತ್ವದಲ್ಲಿ ಅರೇಖೀಯ.
ವಿಕಿರಣದ ಮೊದಲ ರೂಪ: ವಿದ್ಯುತ್ಕಾಂತೀಯದಲ್ಲಿ ದ್ವಿಧ್ರುವ, ಗುರುತ್ವದಲ್ಲಿ ಚತುರ್ಧ್ರುವ.
ಧ್ರುವೀಕರಣಗಳ ನಡುವಿನ ಕೋನ: ವಿದ್ಯುತ್ಕಾಂತೀಯದಲ್ಲಿ 90 ಡಿಗ್ರಿ, ಗುರುತ್ವದಲ್ಲಿ 45 ಡಿಗ್ರಿ.
ತರಂಗದ ವೇಗ: ಎರಡರಲ್ಲಿಯೂ ಬೆಳಕಿನ ವೇಗ.
ಮೊದಲ ಪ್ರಾಯೋಗಿಕ ಪತ್ತೆ: ಹರ್ಟ್ಜ್‌ನ 1887–88ರ ಪ್ರಯೋಗಗಳಲ್ಲಿ ವಿದ್ಯುತ್ಕಾಂತೀಯ ತರಂಗ, ಲೈಗೊದಲ್ಲಿ 2015ರಲ್ಲಿ ಗುರುತ್ವ ತರಂಗ.

ಮಹತ್ವ

ವಿಶ್ವದ ಬಗ್ಗೆ ಮನುಷ್ಯನು ಶತಮಾನಗಳ ಕಾಲ ತಿಳಿದುಕೊಂಡದ್ದರಲ್ಲಿ ಬಹುಪಾಲು ಬೆಳಕು ಮತ್ತು ಅದರ ಬಂಧುಗಳಾದ ಇತರ ವಿದ್ಯುತ್ಕಾಂತೀಯ ತರಂಗಗಳ ಮೂಲಕ ಬಂದದ್ದು. ವಿಶ್ವವು ಹುಟ್ಟಿದ ಬಳಿಕ ಸುಮಾರು 3.8 ಲಕ್ಷ ವರ್ಷಗಳವರೆಗೆ ಬೆಳಕು ಸ್ವತಂತ್ರವಾಗಿ ಸಂಚರಿಸಲಾರದಷ್ಟು ಅದು ಬಿಸಿಯಾಗಿಯೂ ಅಪಾರದರ್ಶಕವಾಗಿಯೂ ಇದ್ದುದರಿಂದ, ಯಾವ ದೂರದರ್ಶಕವೂ ಬೆಳಕಿನ ಸಹಾಯದಿಂದ ಅದಕ್ಕೂ ಹಿಂದಿನ ಕಾಲವನ್ನು ನೇರವಾಗಿ ನೋಡಲಾರದು. ಗುರುತ್ವ ತರಂಗಗಳಿಗೆ ಆ ತಡೆಯಿಲ್ಲ. ಪರಸ್ಪರ ಸುತ್ತುವ ಕಪ್ಪುಕುಳಿಗಳಂತೆ ಬೆಳಕನ್ನೇ ಸೂಸದ ಕಾಯಗಳೂ ಇವುಗಳ ಮೂಲಕ ಅಧ್ಯಯನಕ್ಕೆ ನಿಲುಕಿವೆ. ಮೂರು ಉಪಗ್ರಹಗಳನ್ನು 25 ಲಕ್ಷ ಕಿ.ಮೀ. ಅಂತರದಲ್ಲಿರಿಸಿ ಇನ್ನೂ ನಿಧಾನವಾದ ತರಂಗಗಳನ್ನು ಗ್ರಹಿಸುವ ಲೀಸಾ ಯೋಜನೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯು 2024ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಸಿದ್ಧಾಂತದ ಮಟ್ಟದಲ್ಲಿ ಎರಡು ಕ್ಷೇತ್ರಗಳ ನಡುವಿನ ಕಂದಕ ಇನ್ನೂ ಮುಚ್ಚಿಲ್ಲ. ವಿದ್ಯುತ್ಕಾಂತೀಯ ಕ್ಷೇತ್ರಕ್ಕೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಪೂರ್ಣ ಪ್ರಮಾಣದ ಕ್ವಾಂಟಂ ಸಿದ್ಧಾಂತ ದೊರೆಯಿತು. ಗುರುತ್ವಕ್ಕೆ ಸರ್ವಸಮ್ಮತವಾದ ಅಂತಹ ಸಿದ್ಧಾಂತವು ಇನ್ನೂ ರೂಪುಗೊಂಡಿಲ್ಲ. ಐನ್‌ಸ್ಟೈನ್ ತನ್ನ ಜೀವನದ ಕೊನೆಯ ದಶಕಗಳನ್ನು ಇವೆರಡನ್ನೂ ಒಂದುಗೂಡಿಸುವ ಪ್ರಯತ್ನದಲ್ಲಿ ಕಳೆದನು. 1955ರಲ್ಲಿ ಅವನು ತೀರಿಕೊಂಡಾಗ ಆ ಕೆಲಸ ಅಪೂರ್ಣವಾಗಿ ಉಳಿದಿತ್ತು.